ಗುಂಡನ ಪಥ್ಯ

(ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆ. ಅಕ್ಕನನ್ನು ನೋಡಲು ತಮ್ಮ ಬಂದಿದ್ದಾರೆ. ತಮ್ಮ ಪಶುಸಂಗೋಪನಾ ಇಲಾಖೆಯಿಂದ ನಿವೃತ್ತರಾದ ವೈದ್ಯರು, ಅರಸೀಕೆರೆ, ಕಡೂರು, ಹಿರಿಯೂರು ಅಂತ ದನಕರುಗಳ ನಡುವೆಯೇ ಸರ್ವೀಸು ಮುಗಿಸಿದವರು. ಅಕ್ಕ ಇಡೀ ಬಳಗದಲ್ಲೇ ಒಳ್ಳೆಯ ಅಡುಗೆಯವರೆಂದು ಹೆಸರು ಪಡೆದವರು. ಮೂರನೆಯವನು ಗುಂಡ, ಹಳದಿ ಬಣ್ಣದ ಲ್ಯಾಬ್ರಡಾರ್. ಮೂರು ಸೀಟಿನ ಸೋಫಾದಲ್ಲಿ ಎರಡು ಅವನ ಪಾಲಿನವು. ಬರೆದುಕೊಂಡವನು ನಾನು, ಮೂಲೆಯ ಬೆತ್ತದ ಕುರ್ಚಿಯಲ್ಲಿದ್ದ ನೆಂಟ. ಯಾರ ಪಕ್ಷವನ್ನೂ ವಹಿಸಬಾರದೆಂದು ಕೂತಿದ್ದೆ, ಪೂರ್ತಿ ಸಾಧ್ಯವಾಗಲಿಲ್ಲ.)

ತಮ್ಮ: ಅಕ್ಕಾ, ಸ್ವಲ್ಪ ಅವನನ್ನ ಎಬ್ಬಿಸು. ನಿಂತಾಗ ಹೇಗಿದಾನೆ ನೋಡ್ಬೇಕು.

ಅಕ್ಕ: ಈಗ ತಾನೇ ಮಲಗಿದಾನೆ ಕಣೋ. ಬೆಳಿಗ್ಗೆಯಿಂದ ಒಂದು ಗಳಿಗೆ ನಿದ್ದೆ ಇಲ್ಲ ಅವನಿಗೆ.

ತಮ್ಮ: ನಾನು ಬಂದಾಗಿನಿಂದ ಮಲಗೇ ಇದಾನಲ್ಲ!

ಅಕ್ಕ: ಅದು ನಿದ್ದೆ ಅಲ್ಲ, ಸುಮ್ನೆ ಕಣ್ಣು ಮುಚ್ಚಿಕೊಂಡಿರ್ತಾನೆ. ಎಚ್ಚರ ಆಗ್ಬಾರದು ಅಂತ ಇವತ್ತು ಮಿಕ್ಸೀನ ಹಿತ್ತಲಿಗೆ ಎತ್ಕೊಂಡು ಹೋಗಿ ಚಟ್ನಿ ರುಬ್ಬಿದೀನಿ.

ತಮ್ಮ: ಭಾವ ಮಲಗಿದ್ರೂ ಹಿತ್ತಲಲ್ಲೇ ರುಬ್ತೀಯಾ?

ಅಕ್ಕ: ನಿಮ್ಮ ಭಾವನಿಗೆ ಕಿವಿ ಮಂದ. ಅವರಿಗೇನಾಗತ್ತೆ.

ತಮ್ಮ: ತೂಕ ಎಷ್ಟಿದಾನೆ?

ಅಕ್ಕ: ಭಾವನಾ?

ತಮ್ಮ: ಗುಂಡ.

ಅಕ್ಕ: ರೇಬೀಸ್ ಇಂಜೆಕ್ಷನ್ ಹಾಕ್ಸೋಕೆ ಹೋದಾಗ 44 ಅಂತ ತೋರಿಸ್ತು. ನನಗೇನೋ ಆ ಮಷಿನ್ ಮೇಲೆ ನಂಬಿಕೆ ಇಲ್ಲ. ಕತ್ತಿನ ಬೆಲ್ಟೂ ಇತ್ತಲ್ಲ.

ತಮ್ಮ: ಬೆಲ್ಟ್ ಏನು, ಹತ್ತು ಕೆ.ಜಿ. ಇರತ್ತಾ? ಗಂಡು ಲ್ಯಾಬ್ರಡಾರ್ ಅಂದ್ರೆ 29ರಿಂದ 36 ಕೆ.ಜಿ. ಒಳಗಿರ್ಬೇಕು. ಇವನ ಮೂಳೆಗೆ 32 ಇದ್ರೆ ಚೆನ್ನ. ಮೇಲಿನ 12 ಕೆ.ಜಿ. ಯಾರದು?

ಅಕ್ಕ: ಅವನದೇ. ಇನ್ಯಾರದು?

ತಮ್ಮ: ನೋಡೋಣ. ನಿನ್ನ ಎಡಗೈ ಮುಷ್ಟಿ ಕಟ್ಟು. ಬಲಗೈ ಬೆರಳಲ್ಲಿ ಆ ಗೆಣ್ಣುಗಳ ಮೇಲೆ ಸವರು. ಏನು ಸಿಗತ್ತೆ?

ಅಕ್ಕ: ಬರೀ ಮೂಳೆ.

ತಮ್ಮ: ಪಕ್ಕೆಲುಬು ಹಾಗೆ ಸಿಕ್ರೆ ನಾಯಿ ಬಡಕಲು. ಈಗ ಮುಷ್ಟಿ ಬಿಚ್ಚು, ಅಂಗೈ ಕೆಳಗೆ ಮಾಡು. ಮೇಲ್ಭಾಗ ಸವರು.

ಅಕ್ಕ: ಮೂಳೆ ಸಿಗತ್ತೆ, ಮೇಲೆ ತೆಳ್ಳಗೆ ಚರ್ಮ.

ತಮ್ಮ: ಅದು ಸರಿಯಾದ ಅಳತೆ. ಈಗ ಅಂಗೈ ತಿರುಗಿಸು. ಹೆಬ್ಬೆರಳಿನ ಬುಡ ಒತ್ತು.

ಅಕ್ಕ: ಮೆತ್ತಗಿದೆ.

ತಮ್ಮ: ಹೋಗಿ ಅವನ ಪಕ್ಕೆ ಮುಟ್ಟಿ ಬಾ.

(ಅಕ್ಕ ಮೊದಲು ಸವರಿದರು, ಆಮೇಲೆ ಒತ್ತಿದರು, ಆಮೇಲೆ ಇನ್ನೊಂದು ಕಡೆಯಿಂದ ಒತ್ತಿದರು. ಎಲುಬು ಸಿಗಲಿಲ್ಲ. ಗುಂಡ ಒಂದು ಕಣ್ಣು ತೆರೆದು, ಕೈಯಲ್ಲಿ ಏನೂ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಮತ್ತೆ ಮುಚ್ಚಿದ.)

ಅಕ್ಕ: ಕೂದಲು ಕಣೋ ಅದು. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು ಇರತ್ತೆ, ನಿನಗೆ ಗೊತ್ತಿಲ್ವಾ?

ತಮ್ಮ: ಗೊತ್ತು. ಯಾಕಿದೆ ಅಂತಾನೂ ಗೊತ್ತು. ಇವನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬೆಸ್ತರ ಜೊತೆ ಇದ್ದೋರು. ಕೊರೆಯೋ ನೀರಿಗೆ ಹಾರಿ, ಬಲೆಯಿಂದ ಜಾರಿದ ಮೀನು ಹಿಡಿದು ತರೋದು ಅವುಗಳ ಕೆಲಸ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದ್ವು, ಅಲ್ಲಿ ಶಿಕಾರಿಯವರು ಗುಂಡೇಟು ಬಿದ್ದ ಬಾತುಕೋಳಿ ಎತ್ಕೊಂಡು ಬರೋಕೆ ಇಟ್ಕೊಂಡ್ರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದನ್ನ ಒಂದು ತಳಿ ಅಂತ ಒಪ್ಕೊಂತು. ಆ ಕೂದಲು ಹಿಮದ ನೀರಿಗೆ ಮಾಡಿದ್ದು, ಬನಶಂಕರಿಗೆ ಅಲ್ಲ.

ಅಕ್ಕ: ಅದಕ್ಕೇ ತಾನೇ ಅವನ ರೂಮಿಗೆ ಎ.ಸಿ. ಹಾಕ್ಸಿರೋದು.

ತಮ್ಮ: ಅವನ ರೂಮು?

ಅಕ್ಕ: ನಮ್ಮ ರೂಮೇ. ಅವನೂ ಮಲಗ್ತಾನಲ್ಲ. ನಿಮ್ಮ ಭಾವ ಥಂಡಿ ಅಂತ ಹಾಲ್‌ನಲ್ಲಿ ಮಲಗ್ತಾರೆ.

ತಮ್ಮ: ಆಯ್ತು. ಬೆಳಿಗ್ಗೆ ಎದ್ದಾಗಿನಿಂದ ಏನೇನು ತಿಂತಾನೆ ಹೇಳು. ಮುಚ್ಚುಮರೆ ಬೇಡ.

ಅಕ್ಕ: ಹೆಚ್ಚೇನಿಲ್ಲಪ್ಪ. ಎದ್ದ ತಕ್ಷಣ ಒಂದು ಬಟ್ಟಲು ಹಾಲು, ನಾಲ್ಕು ಮಾರಿ ಬಿಸ್ಕತ್ತು. ನಾವು ತಿಂಡಿ ತಿನ್ನೋವಾಗ ಪಕ್ಕದಲ್ಲಿ ನಿಂತಿರ್ತಾನೆ, ಸುಮ್ನೆ ಹೇಗೆ ತಿನ್ನೋದು? ಎರಡು ಇಡ್ಲಿ. ದೋಸೆ ದಿನ ಆದ್ರೆ ಮೊದಲನೇ ದೋಸೆ ಅವನದು. ಕಾವಲಿಯಿಂದ ಮೊದಲನೇದು ಸರಿಯಾಗಿ ಏಳಲ್ಲ ನೋಡು, ಅದು. ಆಮೇಲೆ ಮೂರನೇದು ಚೆನ್ನಾಗಿ ಬರತ್ತೆ, ಅದ್ರಲ್ಲೂ ಅರ್ಧ. ಮಧ್ಯಾಹ್ನ ಅನ್ನ, ಸಾರು, ಒಂದು ಚಮಚ ತುಪ್ಪ. ಕೊನೇಲಿ ಮೊಸರನ್ನ. ಅಷ್ಟೆ.

ತಮ್ಮ: ಅಷ್ಟೇನಾ? ಆ ಮೂಲೇಲಿ ನಾಯಿ ಆಹಾರದ ದೊಡ್ಡ ಚೀಲ ಇದೆಯಲ್ಲ?

ಅಕ್ಕ: ಅದು ಬೇರೆ. ಅದು ಅವನ ಊಟ. ಇದು ನಮ್ಮ ಜೊತೆ ತಿನ್ನೋದು.

ತಮ್ಮ: ಸಾಯಂಕಾಲ ವಾಕಿಂಗ್?

ಅಕ್ಕ: ದಿನಾ ಕರ್ಕೊಂಡು ಹೋಗ್ತೀನಿ. ತಿರುವಿನ ಬೇಕರಿವರೆಗೂ ಹೋಗ್ತಾನೆ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲ್ಲ. ಬಾಗಿಲಲ್ಲಿ ಕೂತುಬಿಡ್ತಾನೆ. ಬೇಕರಿಯವನು ಒಂದು ಖಾರಾ ಬನ್ ಕೊಟ್ಟ ಮೇಲೇ ಏಳೋದು. ವಾಪಸ್ ಬರೋವಾಗ ಅವನಿಗೆ ಸುಸ್ತು. ಅದಕ್ಕೆ ಒಂದು ತಳ್ಳುಗಾಡಿ ತಗೊಂಡೆ, ಮೊಮ್ಮಗನ ಹಳೇದಿತ್ತು, ಇವನು ಅದರಲ್ಲಿ ಹಿಡಿಸಲಿಲ್ಲ, ಹೊಸದು.

ತಮ್ಮ: ನಾಯಿನ ತಳ್ಳುಗಾಡೀಲಿ ಕೂರಿಸ್ಕೊಂಡು ವಾಕಿಂಗ್. ಅಂದ್ರೆ ವಾಕಿಂಗ್ ನಿನಗೆ ಆಗ್ತಿದೆ.

ಅಕ್ಕ: ನನಗೆ ಡಾಕ್ಟರ್ ಹೇಳಿದಾರಲ್ಲ ನಡೀರಿ ಅಂತ.

ತಮ್ಮ: ಖಾರಾ ಬನ್ನಲ್ಲಿ ಏನಿರತ್ತೆ?

ಅಕ್ಕ: ಮೆಣಸಿನಕಾಯಿ, ಕೊತ್ತಂಬರಿ, ಈರುಳ್ಳಿ...

ತಮ್ಮ: ಈರುಳ್ಳಿ. ಸಾರಲ್ಲಿ?

ಅಕ್ಕ: ಹುಳಿಯಾದ್ರೆ ಈರುಳ್ಳಿ, ತಿಳಿಸಾರಾದ್ರೆ ಬೆಳ್ಳುಳ್ಳಿ ಒಗ್ಗರಣೆ.

ತಮ್ಮ: ಅಕ್ಕಾ, ಇದನ್ನ ತಮಾಷೆಗೆ ಹೇಳ್ತಿಲ್ಲ, ಕೇಳು. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಗೆ ವಿಷ. ಹಸಿಯಾದ್ರೂ ಅಷ್ಟೆ, ಬೇಯಿಸಿದ್ರೂ ಅಷ್ಟೆ. ರಕ್ತದ ಕೆಂಪು ಕಣಗಳನ್ನ ಒಡೆದು ಹಾಕತ್ತೆ. ಒಂದು ದಿನ ಒಂದು ಚೂರು ತಿಂದ್ರೆ ಬೀಳಲ್ಲ. ದಿನಾ ಸ್ವಲ್ಪ ಸ್ವಲ್ಪ ತಿಂದ್ರೂ ರಕ್ತ ಕಮ್ಮಿಯಾಗ್ತಾ ಹೋಗಬಹುದು, ನಾವು 'ಸೋಮಾರಿ' ಅಂದ್ಕೊಂಡಿರ್ತೀವಿ. ದ್ರಾಕ್ಷಿ, ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ಕಿಡ್ನಿ ಹೋಗತ್ತೆ. ಎಷ್ಟು ತಿಂದ್ರೆ ಅಪಾಯ ಅಂತ ಲೆಕ್ಕ ಹಾಕೋಕಾಗಲ್ಲ, ಒಂದು ನಾಯಿಗೆ ಏನೂ ಆಗಲ್ಲ, ಇನ್ನೊಂದು ನಾಲ್ಕೈದು ದ್ರಾಕ್ಷಿಗೇ ಮಲಗತ್ತೆ. ಚಾಕೊಲೇಟು ಬೇಡವೇ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಜೈಲಿಟಾಲ್ ಅಂತ ಹಾಕ್ತಾರೆ, ಅದು ಎಲ್ಲಕ್ಕಿಂತ ಬೇಗ ಕೆಲಸ ಮಾಡತ್ತೆ.

ಅಕ್ಕ: ಪಾಯಸದ ದ್ರಾಕ್ಷಿ?

ತಮ್ಮ: ಪಾಯಸಾನೂ ಹಾಕ್ತೀಯಾ?

ಅಕ್ಕ: ಹಬ್ಬದ ದಿನ ಅವನೊಬ್ಬನ್ನ ಬಿಟ್ಟು ತಿನ್ನೋದಾ? ಗೋಡಂಬಿ, ದ್ರಾಕ್ಷಿ ಆರಿಸಿ ಅವನಿಗೇ ಹಾಕ್ತಿದ್ದೆ. ಇಷ್ಟ ಅಂತ.

(ಅವರ ಮುಖ ಸಣ್ಣದಾಯಿತು. ಎದ್ದು ಹೋಗಿ ಗುಂಡನ ಹೊಟ್ಟೆ ಸವರಿ ಬಂದರು. ತಮ್ಮನೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಡಾಕ್ಟರಿಕೆ ಮಾಡಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ.)

ತಮ್ಮ: ಇಷ್ಟು ದಿನ ಏನೂ ಆಗಿಲ್ವಲ್ಲ, ಬಿಡು. ಇವತ್ತಿಂದ ಬೇಡ. ಒಂದು ರಕ್ತಪರೀಕ್ಷೆ ಮಾಡ್ಸಿಬಿಡೋಣ. ಏಕಾದಶಿ ದಿನ ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಅಡುಗೆ ಮಾಡ್ತೀಯಲ್ಲ?

ಅಕ್ಕ: ಮಾಡ್ತೀನಿ.

ತಮ್ಮ: ಇವನಿಗೆ ವರ್ಷ ಪೂರ್ತಿ ಏಕಾದಶಿ ಅಂದ್ಕೋ.

ಅಕ್ಕ: ಅದೇನೋ ಒಪ್ಪಿದೆ. ಆದ್ರೆ ದಪ್ಪ ಆಗಿರೋದು ಅವನ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಮೊಬೈಲಲ್ಲಿ ಓದಿದೀನಿ. ಲ್ಯಾಬ್ರಡಾರ್‌ಗೆ ಜೀನ್‌ನಲ್ಲೇ ಇದೆಯಂತೆ, ಹೊಟ್ಟೆ ತುಂಬಿದ್ದು ಗೊತ್ತಾಗಲ್ವಂತೆ.

ತಮ್ಮ: ಭೇಷ್, ಸರಿಯಾಗೇ ಓದಿದೀಯ. ಕೇಂಬ್ರಿಜ್ ವಿಶ್ವವಿದ್ಯಾಲಯದೋರು 2016ರಲ್ಲಿ ಹೇಳಿದ್ದು. ಪಿ.ಒ.ಎಂ.ಸಿ. ಅಂತ ಒಂದು ಜೀನು. ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಅದರ ಒಂದು ತುಣುಕೇ ಇರಲ್ಲ. ಅದಿಲ್ಲದ ನಾಯಿಗೆ ಸಾಕು ಅನ್ನೋ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲ್ಲ.

ಅಕ್ಕ: ನೋಡಿದ್ಯಾ!

ತಮ್ಮ: ಪೂರ್ತಿ ಕೇಳು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡು ಪ್ರತಿ ಇರತ್ತೆ. ಕೆಟ್ಟ ಪ್ರತಿ ಒಂದಕ್ಕೆ ಸುಮಾರು 2 ಕೆ.ಜಿ. ತೂಕ ಜಾಸ್ತಿ. ಇವನಿಗೆ ಎರಡೂ ಕೆಟ್ಟದ್ದೇ ಬಂದಿದೆ ಅಂದ್ಕೋ, 4 ಕೆ.ಜಿ. ಆಯ್ತು. 12ರಲ್ಲಿ 4 ಕಳೆದ್ರೆ ಇನ್ನು 8. ಆ ಎಂಟು ಕೆ.ಜಿ. ಯಾವ ಜೀನು? ಬೇಕರಿ ಜೀನಾ?

ಅಕ್ಕ: ನೀನು ಚಿಕ್ಕಂದಿನಿಂದ ಲೆಕ್ಕದಲ್ಲಿ ಮುಂದೆ ಬಿಡು.

ತಮ್ಮ: ಹೊಟ್ಟೆ ತುಂಬಿದ್ದು ಅವನಿಗೆ ಗೊತ್ತಾಗಲ್ಲ ಅಂತಾದ್ರೆ, ತುಂಬಿದೆ ಅಂತ ಹೇಳೋರು ಮನೇಲಿ ಒಬ್ಬರಾದ್ರೂ ಇರ್ಬೇಕಲ್ಲ? ಮರಿ ಆಗದ ಹಾಗೆ ಆಪರೇಷನ್ ಬೇರೆ ಆಗಿದೆ. ಆ ಆಪರೇಷನ್ ಆದ ಮೇಲೆ ನಾಯಿಗೆ ಮೊದಲಿನಷ್ಟು ಊಟ ಬೇಡ, ಕಾಲು ಭಾಗ ಇಳಿಸ್ಬೇಕು. 32 ಕೆ.ಜಿ. ನಾಯಿಗೆ ದಿನಕ್ಕೆ 1,300, 1,400 ಕ್ಯಾಲೊರಿ ಬೇಕಾದಷ್ಟಾಯ್ತು. ಮೇಲಿನ ತಿಂಡಿ ಅದರಲ್ಲಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ಒಂದು ಮಾರಿ ಬಿಸ್ಕತ್ತು ಸುಮಾರು 25. ಐದು ಬಿಸ್ಕತ್ತು ತಿಂದ ಅಂದ್ರೆ ಅವತ್ತಿನ ತಿಂಡಿ ಮುಗೀತು. ಇಡ್ಲಿ, ದೋಸೆ, ತುಪ್ಪ, ಬನ್ನು ಎಲ್ಲಾ ಸಾಲ.

ಅಕ್ಕ: ಪ್ರಾಣಿಗೆ ಊಟ ಎಣಿಸಿ ಹಾಕೋದು ಅಂದ್ರೆ ನನಗೆ ಹೇಗೋ ಆಗತ್ತೆ. ಮನೇಲಿ ಇಟ್ಕೊಂಡು ಹಸಿವಲ್ಲಿ ಇಡೋದು ಪಾಪ.

ತಮ್ಮ: ಒಂದು ಪ್ರಯೋಗ ಹೇಳ್ತೀನಿ. ಪ್ಯೂರಿನಾ ಅನ್ನೋ ಕಂಪನಿಯವರು 48 ಲ್ಯಾಬ್ರಡಾರ್ ಮರಿ ತಗೊಂಡು, ಒಂದೇ ಸೂಲಿನ ಮರಿಗಳನ್ನ ಜೋಡಿ ಜೋಡಿ ಮಾಡಿದ್ರು. ಜೋಡೀಲಿ ಒಂದು ತಿಂದಷ್ಟರಲ್ಲಿ ಇನ್ನೊಂದಕ್ಕೆ ಮುಕ್ಕಾಲು ಪಾಲು. ಹುಟ್ಟಿದ ಸ್ವಲ್ಪ ದಿನದಿಂದ ಸಾಯೋವರೆಗೂ ಹಾಗೇ. 2002ರಲ್ಲಿ ಫಲಿತಾಂಶ ಬಂತು. ಹೊಟ್ಟೆ ತುಂಬ ತಿಂದ ಗುಂಪಿನಲ್ಲಿ ಅರ್ಧದಷ್ಟು ನಾಯಿಗಳು 11.2 ವರ್ಷಕ್ಕೆ ಹೋಗಿಬಿಟ್ಟಿದ್ವು. ಮುಕ್ಕಾಲು ಪಾಲು ತಿಂದವು 13 ವರ್ಷದವರೆಗೂ ತಳ್ಳಿದ್ವು. ಕೀಲುನೋವಿನ ಔಷಧಿಯೂ ಅವಕ್ಕೆ ತಡವಾಗಿ ಬೇಕಾಯ್ತು.

ಅಕ್ಕ: ನಾಯಿ ಆಹಾರ ಮಾರೋ ಕಂಪನಿಯವರೇ ಕಮ್ಮಿ ಹಾಕಿ ಅಂದ್ರಾ?

ತಮ್ಮ: ಅದಕ್ಕೇ ನಾನು ನಂಬೋದು.

ಅಕ್ಕ: ಸುಮಾರು ಎರಡು ವರ್ಷ...

ತಮ್ಮ: ಹೂಂ.

ಅಕ್ಕ: ಹೌದು ಕಣೋ, ಆದ್ರೆ ಆ ಕಂಪನಿಯವರ ಮುಂದೆ ನಾಯಿಗಳು ಹೀಗೆ ಬಂದು ನಿಂತ್ಕೊಂಡಿರಲಿಲ್ಲ. ಇವನು ಊಟದ ಟೇಬಲ್ ಪಕ್ಕ ನಿಂತು ಒಂದು ನೋಟ ನೋಡ್ತಾನೆ. ಹುಬ್ಬು ಮೇಲೆ ಮಾಡಿ, ಕಣ್ಣು ದೊಡ್ಡದು ಮಾಡಿ. ನೀನಾದ್ರೂ ಕರಗ್ತೀಯ.

ತಮ್ಮ: ಕರಗಲಿ ಅಂತಾನೇ ಅವನಿಗೆ ಅದು ಬಂದಿರೋದು. ತಮಾಷೆ ಅಲ್ಲ. ನಾಯಿ, ತೋಳ ಎರಡರ ಮುಖಾನೂ ಕುಯ್ದು ನೋಡಿದಾರೆ, 2019ರಲ್ಲಿ ಬಂದ ಸಂಶೋಧನೆ. ಹುಬ್ಬಿನ ಒಳತುದಿ ಮೇಲೆತ್ತೋ ಒಂದು ಪುಟ್ಟ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ. ತೋಳದಲ್ಲಿ ಅದು ಹೆಸರಿಗಷ್ಟೇ ಇದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದು, ಆ ಮುಖ ಮಾಡೋಕೆ ಬಂದ ನಾಯಿಗೆ ಎರಡು ತುತ್ತು ಜಾಸ್ತಿ ಸಿಕ್ಕಿ, ಅದರ ವಂಶ ಉಳೀತು ಅಂತ ಅವರ ಅಂದಾಜು. ನಿನ್ನ ಮುಂದೆ ನಿಂತ್ಕೊಂಡಿರೋದು ಗುಂಡ ಒಬ್ಬನೇ ಅಲ್ಲ, ಅವನ ಮುತ್ತಜ್ಜಂದಿರ ಅನುಭವ ಎಲ್ಲಾ ಅವನ ಹುಬ್ಬಲ್ಲಿದೆ.

ಅಕ್ಕ: ಅಷ್ಟು ಹಳೇ ನೆಂಟಸ್ತನ ಅಂದ್ಮೇಲೆ ಒಂದು ಇಡ್ಲಿಗೆ ಲೆಕ್ಕ ಕೇಳ್ತೀಯಲ್ಲೋ!

ತಮ್ಮ: ಒಂದು ಕಾಲದಲ್ಲಿ ನೆಂಟಸ್ತನದಲ್ಲೂ ಕರಾರಿತ್ತು. ರಾಜರತ್ನಂ ಅವರ ನಾಯಿಮರಿ ಪದ್ಯ ನಾವಿಬ್ರೂ ಹೇಳ್ಕೊಂಡು ಬೆಳೆದಿದೀವಿ. ಆ ಮರಿ ತಿಂಡಿ ಕೇಳತ್ತೆ ನಿಜ, ಆದ್ರೆ ಯಾಕೆ ಬೇಕು ಅಂತ ಕೇಳಿದ್ರೆ ಮನೆ ಕಾಯ್ತೀನಿ ಅನ್ನತ್ತೆ. ಇವನು ಏನು ಕಾಯ್ತಾನೆ? ನಾನು ಬಂದಾಗ ಗೇಟು ತೆಗೆದೆ, ಬಾಗಿಲು ತೆಗೆದೆ, ಎದುರಿಗೆ ಕೂತೆ. ತಲೆ ಕೂಡ ಎತ್ತಲಿಲ್ಲ.

ಅಕ್ಕ: ನೀನು ಬರೀ ಕೈಲಿ ಬಂದಿದ್ದೆ. ಕಾಯೋಕೆ ಯಾಕಿರ್ಬೇಕು? ಗೇಟಿಗೆ ಕ್ಯಾಮೆರಾ ಇದೆ. ನಿಂದೇ ಕಷ್ಟ ನೋಡು, ಜೀವಮಾನ ಪೂರ್ತಿ ಎಷ್ಟು ಲೀಟರ್ ಹಾಲು, ಎಷ್ಟು ಸೂಲು, ಎಷ್ಟು ಬೆಲೆ ಅಂತ ಪ್ರಾಣಿಗಳನ್ನ ನೋಡಿದೋನು ನೀನು. ಏನೂ ಕೊಡದೆ ಸುಮ್ನೆ ಇರೋ ಪ್ರಾಣಿ ಕಂಡ್ರೆ ನಿನಗೆ ಅರ್ಥಾನೇ ಆಗಲ್ಲ.

(ಇಲ್ಲಿ ನಾನು ಅಕ್ಕನ ಕಡೆಗೆ ವಾಲಿದೆ. ಉಪಯೋಗವಿಲ್ಲದೆ ಪ್ರೀತಿಸುವುದು ಸಣ್ಣ ಸಾಧನೆಯಲ್ಲ. ನಮ್ಮಲ್ಲಿ ಅದು ಮನುಷ್ಯರಿಗೇ ಕಷ್ಟಪಟ್ಟು ಸಿಗುತ್ತದೆ.)

ತಮ್ಮ: ಪ್ರಾಣಿ ಸಾಕೋ ರೈತ ಪ್ರೀತಿ ಮಾಡಲ್ಲ ಅಂದ್ಕೊಂಡಿದೀಯಾ? ಹಸು ಸತ್ತಾಗ ಹೊಲದ ಬದೀಲಿ ಕೂತು ಅಳೋರನ್ನ ನಾನು ಕಂಡಿದೀನಿ. ಹಾಗಂತ ಊರ ನಾಯಿಗಳ ಬಾಳು ಸುಖದ್ದು ಅಂತಾನೂ ಹೇಳಲ್ಲ. ಮುದ್ದೆ ಸಾರು ತಿಂದು ರಾತ್ರಿಯೆಲ್ಲಾ ಓಡಾಡ್ತವೆ, ಮೈಕಟ್ಟು ನೋಡೋಕೆ ಚೆನ್ನ, ನಿಜ. ಅರ್ಧಕ್ಕರ್ಧ ಮರಿಗಳು ಡಿಸ್ಟೆಂಪರ್, ಪಾರ್ವೋ ಬಂದು ವರ್ಷ ತುಂಬೋದ್ರೊಳಗೆ ಸಾಯ್ತಿದ್ವು. ಚುಚ್ಚುಮದ್ದು ಹಾಕ್ಸಿ, ಮನೆಯೊಳಗೆ ಇಟ್ಕೊಂಡು ನೀನು ಒಳ್ಳೇದೇ ಮಾಡಿದೀಯ. ನನ್ನ ತಕರಾರು ಒಂದೇ, ಪ್ರೀತಿಯೆಲ್ಲಾ ಬಾಯಿಗೇ ಹೋಗ್ತಿದೆ.

ಅಕ್ಕ: ಪ್ರೀತಿ ಎಷ್ಟು ಹಳೇದು ಅಂತ ನಿನಗೆ ಗೊತ್ತಿಲ್ಲ. ಹೋದ ತಿಂಗಳು ಕಸ್ತೂರ್ಬಾ ರಸ್ತೆ ಮ್ಯೂಸಿಯಮ್ಮಿಗೆ ಮೊಮ್ಮಗನ್ನ ಕರ್ಕೊಂಡು ಹೋಗಿದ್ದೆ. ಅಲ್ಲಿ ಆತಕೂರಿನ ಕಲ್ಲಿದೆ, ಮದ್ದೂರು ತಾಲ್ಲೂಕಿನದು. ಒಂದು ನಾಯಿ, ಒಂದು ಹಂದಿ ಕಾದಾಡ್ತಿರೋ ಹಾಗೆ ಕೆತ್ತಿದಾರೆ. ಸಾವಿರ ವರ್ಷಕ್ಕಿಂತ ಹಳೇದು.

ತಮ್ಮ: ಕಾಳಿ ಕಲ್ಲು. 949, 950ರ ಹೊತ್ತಿನದು. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತಲ್ಲ, ಗಂಗರ ಬೂತುಗ ರಾಷ್ಟ್ರಕೂಟ ಕೃಷ್ಣನ ಕಡೆ ಇದ್ದ.

ಅಕ್ಕ: ಇತಿಹಾಸ ನಿನಗೇ ಇರ್ಲಿ. ನನಗೆ ಹಿಡಿಸಿದ್ದು ಮಣಲೇರನ ಕತೆ. ಅಷ್ಟು ದೊಡ್ಡ ಯುದ್ಧದಲ್ಲಿ ಹೋರಾಡಿದ ವೀರ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದ್ರೆ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೊಡಿ ಅಂದ! ಅದು ಸತ್ತಾಗ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡರೆ ಪಾಪ ಅಂತ ಬೇರೆ ಬರೆಸಿದ. ನಾನೇನು ಮಾಡಿದೀನಿ? ಒಂದು ಎ.ಸಿ. ಹಾಕ್ಸಿದೀನಿ.

ತಮ್ಮ: ಆ ಕಾಳಿ ಕಾಡುಹಂದಿ ಮೇಲೆ ಬಿದ್ದು, ಅದನ್ನ ಕೊಂದು ತಾನೂ ಸತ್ತಿತು. ನಿನ್ನ ಗುಂಡ ಹಂದಿ ಕಂಡ್ರೆ ಬನ್ ಕೊಡ್ತೀಯಾ ಅಂತ ಕೇಳ್ತಾನೆ.

ಅಕ್ಕ: ಕೇಳ್ಲಿ. ಸಾಯಲ್ವಲ್ಲ.

ತಮ್ಮ: ನೀನು ಜುನಾಗಢದ ನವಾಬನ ಮನೇಲಿ ಹುಟ್ಟಬೇಕಿತ್ತು. ಮಹಾಬತ್ ಖಾನ್ ಅಂತ. ನೂರಾರು ನಾಯಿ, ಒಂದೊಂದಕ್ಕೂ ಆಳು. ರೋಶನಾರಾ ಅನ್ನೋ ನಾಯಿಗೆ ಮೆರವಣಿಗೆ ಮಾಡಿ ಮದುವೆ ಮಾಡಿಸಿದ ಅಂತ ಹೇಳ್ತಾರೆ. 1947ರಲ್ಲಿ ರಾಜ್ಯ ಬಿಟ್ಟು ಪಾಕಿಸ್ತಾನಕ್ಕೆ ವಿಮಾನ ಹತ್ತಿದಾಗಲೂ ನಾಯಿಗಳು ಜೊತೇಲಿದ್ವಂತೆ.

ಅಕ್ಕ: ನಾನು ಹುಟ್ಟಿದ ಹಬ್ಬ ಮಾತ್ರ ಮಾಡೋದು. ಮದುವೆಯೆಲ್ಲಾ ಇಲ್ಲ.

ತಮ್ಮ: ಅಕ್ಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಕ್ಕಳು ಅಮೆರಿಕದಲ್ಲಿದ್ರೆ, ಮನೆ ಬಿಕೋ ಅನ್ನತ್ತೆ, ನಾಯಿ ಹಚ್ಕೊಂಡಿದಾರೆ ಅನ್ನಬಹುದು. ನಿನಗೆ ಮಗ, ಸೊಸೆ, ಮೊಮ್ಮಗ ಎಲ್ಲಾ ಇಲ್ಲೇ ಇದಾರೆ. ಆದ್ರೂ ಯಾಕಿಷ್ಟು?

ಅಕ್ಕ: ನಾಯಿ ಸಾಕಿದೋರೆಲ್ಲಾ ಒಂಟಿ ಅಂತ ಯಾರು ಹೇಳಿದ್ದು? '777 ಚಾರ್ಲಿ' ಬಂದ ವರ್ಷ ಮೊಮ್ಮಗ ಹಠ ಮಾಡಿದ, ಮಗ ತಂದ. ಅವರಿಬ್ರಿಗೂ ಮೂರೇ ತಿಂಗಳಿಗೆ ಹುಮ್ಮಸ್ಸು ಇಳೀತು. ಆಮೇಲೆ ನೋಡು, ಇದು ನಮ್ಮನೆ ವಿಷಯ, ಹೊರಗೆ ಹೇಳ್ಬೇಡ. ಮದುವೆಯಾದಾಗಿನಿಂದ ನಾನು ಈ ಮನೇಲಿ ಅಡುಗೆ ಮಾಡ್ತಿದೀನಿ. ಈಗ ನಿಮ್ಮ ಭಾವನಿಗೆ ಸಕ್ಕರೆ ಕಾಯಿಲೆ, ಅನ್ನ ಒಂದು ಹಿಡಿ, ಸಿಹಿ ಇಲ್ಲ. ಮಗ ಸಾಯಂಕಾಲ ಆರರ ಮೇಲೆ ಬಾಯಿ ಹೊಲಿದುಕೊಳ್ತಾನೆ, ಏನೋ ಉಪವಾಸದ ಪದ್ಧತಿಯಂತೆ. ಸೊಸೆ ಸಿರಿಧಾನ್ಯ, ಅವಳು ತಾನೇ ಬೇಯಿಸ್ಕೊಳ್ತಾಳೆ. ಮೊಮ್ಮಗ ನೂಡಲ್ಸ್ ಬಿಟ್ರೆ ಇನ್ನೊಂದು ಮುಟ್ಟಲ್ಲ. ಯುಗಾದಿಗೆ ಒಬ್ಬಟ್ಟು ಮಾಡಿದೆ. ಕಣಕ ನಾದಿ ನಾದಿ ಎಣ್ಣೇಲಿ ನೆನೆಸಿಟ್ಟು, ಹೂರಣ ಒಂದು ಚೂರೂ ಆಚೆ ಬರದ ಹಾಗೆ ತಟ್ಟಿದ್ದೆ. ಎಲ್ಲಾ ಅರ್ಧ ಅರ್ಧ ಮುರ್ಕೊಂಡು 'ಚೆನ್ನಾಗಿದೆ ಅಮ್ಮ' ಅಂತ ಎದ್ದು ಹೋದ್ರು. ಗುಂಡ ಒಬ್ಬನೇ ತಟ್ಟೆ ನೆಕ್ಕಿ, ಅಡುಗೆಮನೆವರೆಗೂ ಬಂದು, ಒಲೆ ಮುಂದೆ ಕೂತು ಇನ್ನೊಂದಕ್ಕೆ ಕಾದ.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಮ್ಮ ಬನಿಯನ್ನಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. ಅಕ್ಕನ ಒಬ್ಬಟ್ಟನ್ನು ಈ ಸಲ ಅವರೂ ಅರ್ಧವೇ ತಿಂದಿದ್ದರೆಂದು ನನಗೆ ಆಮೇಲೆ ತಿಳಿಯಿತು.)

ತಮ್ಮ: ಹಾಗಾದ್ರೆ ಆ 12 ಕೆ.ಜಿ. ಯಾರದು ಅಂತ ಗೊತ್ತಾಯ್ತು. ಭಾವನದು ಐದು, ಮಗನದು ನಾಲ್ಕು, ಸೊಸೆದು ಮೂರು. ಎಲ್ಲರ ಪಥ್ಯಾನೂ ಇವನೊಬ್ಬನೇ ಉಣ್ತಿದಾನೆ.

ಅಕ್ಕ: ಅವರೂ ಹಾಕ್ತಾರೆ, ನಾನೊಬ್ಬಳೇ ಅಲ್ಲ. ನಿಮ್ಮ ಭಾವ ಮಹಡಿ ಮೇಲಿಂದ ಕೆಳಗೆ ಬಂದಾಗೆಲ್ಲಾ ಒಂದು ಬಿಸ್ಕತ್ತು. ಮಗ ರಾತ್ರಿ ತಾನು ತಿನ್ನಲ್ಲ, ಚಪಾತಿ ಇವನಿಗೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಹೇಳಲ್ಲ.

ತಮ್ಮ: ಇವನೂ ಹೇಳಲ್ಲ.

ಅಕ್ಕ: ಈಗ ಏನು ಮಾಡ್ಲಿ ಹೇಳು. ಅನ್ನ ಪೂರ್ತಿ ನಿಲ್ಲಿಸು ಅಂದ್ರೆ ಆಗಲ್ಲ.

ತಮ್ಮ: ಅನ್ನ ವಿಷ ಅಲ್ಲ. ತೋಳಕ್ಕೆ ಗಂಜಿ ಅಷ್ಟಾಗಿ ಅರಗಲ್ಲ, ನಾಯಿಗೆ ಅರಗತ್ತೆ. ಪಿಷ್ಟ ಜೀರ್ಣ ಮಾಡೋ ಜೀನಿನ ಪ್ರತಿಗಳು ನಾಯೀಲಿ ಎಷ್ಟೋ ಜಾಸ್ತಿ ಇವೆ ಅಂತ 2013ರಲ್ಲೇ ಕಂಡ್ಕೊಂಡಿದಾರೆ. ನಮ್ಮ ಹಿರಿಯರು ಬೇಸಾಯ ಶುರು ಮಾಡಿದಾಗ ಅವೂ ಅನ್ನಕ್ಕೆ ಒಗ್ಗಿದ್ವು. ಮೊಸರನ್ನ ಸ್ವಲ್ಪ ಇರ್ಲಿ. ಅಳತೆ ಮಾತ್ರ ಒಬ್ಬರ ಕೈಲಿರ್ಬೇಕು. ಬೆಳಿಗ್ಗೆ ಒಂದು ಡಬ್ಬಕ್ಕೆ ಅವತ್ತಿನ ಅವನ ಪಾಲು ಪೂರ್ತಿ ಅಳೆದು ಹಾಕಿಡು. ಭಾವ ಆಗ್ಲಿ, ಮಗ ಆಗ್ಲಿ, ಯಾರಿಗೆ ಹಾಕೋ ಆಸೆ ಆದ್ರೂ ಆ ಡಬ್ಬದಿಂದಲೇ ತೆಗೆದು ಹಾಕ್ಬೇಕು. ಖಾಲಿ ಆದ್ರೆ ಅವತ್ತಿಗೆ ಮುಗೀತು.

ಅಕ್ಕ: ಡಬ್ಬ ಖಾಲಿ ಆದ್ಮೇಲೆ ಅವನು ಆ ಮುಖ ಮಾಡಿದ್ರೆ?

ತಮ್ಮ: ಸೌತೆಕಾಯಿ, ಬೀನ್ಸು ಬೇಯಿಸಿದ್ದು, ಉಪ್ಪಿಲ್ಲದೆ. ಅವನಿಗೆ ಏನು ಕೊಟ್ರು ಅನ್ನೋದಕ್ಕಿಂತ ಕೊಟ್ರು ಅನ್ನೋದು ಮುಖ್ಯ. ಇನ್ನೊಂದು ವಿಷಯ. ಆ ಜೀನಿನ ಸಂಶೋಧನೇಲೇ ಒಂದು ಮಾತಿದೆ. ಅಂಗವಿಕಲರಿಗೆ ನೆರವಾಗೋಕೆ ತರಬೇತಿ ಕೊಟ್ಟ ಲ್ಯಾಬ್ರಡಾರ್‌ಗಳನ್ನ ನೋಡಿದ್ರೆ, ನಾಲ್ಕರಲ್ಲಿ ಮೂರಕ್ಕೆ ಆ ಜೀನಿನ ದೋಷ ಇತ್ತು. ತಿಂಡಿ ಆಸೆ ಜಾಸ್ತಿ ಇರೋ ನಾಯಿ ಬೇಗ ಕಲಿಯತ್ತೆ. ಇವನ ಹೊಟ್ಟೆಬಾಕತನಾನೇ ಇವನ ಬಂಡವಾಳ ಕಣಕ್ಕ. ನೀನು ಬಟ್ಟಲಲ್ಲಿ ಸುರಿದು ಆ ಬಂಡವಾಳ ಪೋಲು ಮಾಡ್ತಿದೀಯ. ಕೆಲಸ ಕೊಟ್ಟು ಊಟ ಹಾಕು.

ಅಕ್ಕ: ಏನು ಕೆಲಸ? ಪಾತ್ರೆ ತೊಳೀತಾನಾ?

ತಮ್ಮ: ಮೂಗಿನ ಕೆಲಸ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಕಣ ಲಕ್ಷಗಳ ಲೆಕ್ಕದಲ್ಲಿದ್ರೆ ಅವನ ಮೂಗಲ್ಲಿ ಕೋಟಿಗಳ ಲೆಕ್ಕ. ಇಪ್ಪತ್ತು ಕೋಟಿಗೂ ಮೇಲೆ. ಅಷ್ಟು ದೊಡ್ಡ ಮೂಗು ಇಟ್ಕೊಂಡು ದಿನಪೂರ್ತಿ ಸೋಫಾ ಕವರ್ ಮೂಸ್ತಾ ಕೂತಿದಾನೆ. ಅವನ ಊಟದ ಕಾಳು ಒಂದೊಂದು ಹಿಡಿ ತಗೊಂಡು ಹಿತ್ತಲ ತುಂಬ ಬಚ್ಚಿಡು. ತುಳಸಿ ಕಟ್ಟೆ ಹಿಂದೆ, ಬಟ್ಟೆ ಒಗೆಯೋ ಕಲ್ಲಿನ ಕೆಳಗೆ, ಕರಿಬೇವಿನ ಗಿಡದ ಬುಡದಲ್ಲಿ. ಹುಡುಕಿಕೊಂಡು ತಿನ್ಲಿ.

(ಆಗಲೇ ಮಾಡಿ ನೋಡಿದರು. ಅಕ್ಕ ಚೀಲದಿಂದ ಒಂದು ಹಿಡಿ ಕಾಳು ತಂದು, ಗುಂಡನಿಗೆ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅಲ್ಲಲ್ಲಿ ಹಾಕಿ ಬಂದರು. ತಮ್ಮ ಹಿತ್ತಲ ಬಾಗಿಲು ತೆಗೆದರು. ಗುಂಡ ಸೋಫಾದಿಂದ ಮುಂಗಾಲು ಇಳಿಸಿ, ಹಿಂಗಾಲು ಅಲ್ಲೇ ಬಿಟ್ಟು ಸ್ವಲ್ಪ ಯೋಚಿಸಿದ. ಆಮೇಲೆ ಮೂಗಿನ ಹೊಳ್ಳೆಗಳು ಅಗಲವಾದವು. ಹಿಂಗಾಲೂ ಇಳಿಯಿತು. ಮೂಗು ನೆಲಕ್ಕಿಟ್ಟು ಅಂಕುಡೊಂಕಾಗಿ ಹೊರಟ. ಒಗೆಯೋ ಕಲ್ಲಿನ ಹತ್ತಿರ ಹೋದವನು ದಾಟಿ ಮುಂದೆ ಹೋಗಿ, ತಟ್ಟನೆ ನಿಂತು, ಹಿಂದಕ್ಕೆ ತಿರುಗಿ, ಮುಂಗಾಲಿನಿಂದ ಕಲ್ಲಿನ ಕೆಳಗೆ ಕೆರೆದ. ಬಾಲ ವೃತ್ತಾಕಾರದಲ್ಲಿ ತಿರುಗುತ್ತಿತ್ತು. ಕೊನೆಯ ಕಾಳು ಮುಗಿದ ಮೇಲೂ ಹೂಕುಂಡಗಳನ್ನು ಒಂದೊಂದಾಗಿ ತನಿಖೆ ಮಾಡಿದ. ಅವನು ಅಷ್ಟು ಹೊತ್ತು ನಾಲ್ಕು ಕಾಲಿನ ಮೇಲೆ ನಿಂತಿದ್ದನ್ನು ಇತ್ತೀಚೆಗೆ ಯಾರೂ ಕಂಡಿಲ್ಲವಂತೆ.)

ಅಕ್ಕ: ನೋಡೋ, ನೋಡೋ! ಕರಿಬೇವಿನ ಬುಡದಲ್ಲಿ ಎರಡೇ ಹಾಕಿದ್ದೆ, ಅದೂ ಸಿಕ್ತು! ಎಷ್ಟು ಬುದ್ಧಿ ನನ್ನ ಬಂಗಾರಕ್ಕೆ. ಇರು, ಒಂದು ಬಿಸ್ಕತ್ತು...

ತಮ್ಮ: ಅಕ್ಕಾ!

ಅಕ್ಕ: ಡಬ್ಬದ ಲೆಕ್ಕ ನಾಳೆಯಿಂದ ಅಂದೆಯಲ್ಲೋ?

ತಮ್ಮ: ಅಂದಿಲ್ಲ. ಈಗಿಂದ. ವಾರಕ್ಕೆ ಅರ್ಧ ಕೆ.ಜಿ. ಇಳಿದ್ರೆ ಸಾಕು, ಅದಕ್ಕಿಂತ ಬೇಗ ಇಳೀಬಾರದು. ಆರೇಳು ತಿಂಗಳ ಮಾತು. ತಿಂಗಳಿಗೊಮ್ಮೆ ತೂಕ ಹಾಕ್ಸು, ಬೆಲ್ಟ್ ಬಿಚ್ಚಿ ಬೇಕಾದ್ರೂ ಹಾಕ್ಸು. ತಳ್ಳುಗಾಡಿ ಮಾರಿಬಿಡು. ಬೇಕರಿ ಹತ್ರ ಹೋಗ್ಬೇಡ, ಪಾರ್ಕ್ ಕಡೆ ತಿರುಗು.

ಅಕ್ಕ: ಪಾರ್ಕಿಗೆ ಹೋಗೋಕೆ ಬೇಕರಿ ಮುಂದೇನೇ ಹೋಗ್ಬೇಕು.

ತಮ್ಮ: ಹಾಗಾದ್ರೆ ಬೇಕರಿಯವನಿಗೆ ಹೇಳು, ನಾಯಿಗೆ ಏನೂ ಕೊಡಬೇಡ, ಡಾಕ್ಟರು ಬೇಡ ಅಂದಿದಾರೆ ಅಂತ.

ಅಕ್ಕ: ನೀನೇ ಹೇಳಿ ಹೋಗು. ನಾನು ಹೇಳಿದ್ರೆ ಅವನು ನಂಬಲ್ಲ.

ತಮ್ಮ: ಯಾಕೆ?

ಅಕ್ಕ: ನಿನ್ನೆ ತಾನೇ ಹೇಳಿ ಬಂದಿದೀನಿ, ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಪಾಪ, ಎರಡು ಬನ್ ಕೊಡಪ್ಪ ಅಂತ.